ದಂಡದ ರಸೀದಿ ಹರಿಯುವ ಕೈ ಔಷಧವನ್ನೂ ಕೊಡಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಿರಿಯರೇ, ತಾಯಂದಿರೇ, ವೈದ್ಯರೇ, ಪಂಚಾಯ್ತಿ ಸದಸ್ಯರೇ,

2025ರ ಮೇ ಕೊನೆಯಲ್ಲಿ ನಮ್ಮ ರಾಜ್ಯದ ತಂಬಾಕು ಕಾನೂನು ಬಿಗಿಯಾಯಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ 200 ರೂಪಾಯಿ ಇದ್ದ ದಂಡ 1000ಕ್ಕೆ ಏರಿತು. ತಂಬಾಕು ಕೊಳ್ಳುವ ವಯಸ್ಸು 18 ಇದ್ದದ್ದು 21 ಆಯಿತು. ಶಾಲೆ, ಕಾಲೇಜುಗಳ ಸುತ್ತ 100 ಮೀಟರ್ ಒಳಗೆ ಮಾರುವಂತಿಲ್ಲ; ಒಂದೊಂದೇ ಸಿಗರೇಟು ಬಿಡಿಯಾಗಿ ಕೊಡುವಂತಿಲ್ಲ; ಹುಕ್ಕಾ ಬಾರ್ ನಡೆಸಿದರೆ ಜೈಲು. ಈ ಕಾನೂನು ಬೇಕಾಗಿತ್ತು, ನಾನು ಅದರ ಪರ. ಬಸ್ ನಿಲ್ದಾಣದಲ್ಲಿ ಕೂಸನ್ನು ಎತ್ತಿಕೊಂಡು ನಿಂತ ತಾಯಿ ಪಕ್ಕದವನ ಹೊಗೆಯನ್ನು ಯಾಕೆ ಕುಡಿಯಬೇಕು? ಹೈಸ್ಕೂಲಿನ ಹುಡುಗನ ಕೈಗೆ ಮೊದಲ ಸಿಗರೇಟು ಸಿಗದೇ ಹೋದರೆ ಅವನ ಆಯುಷ್ಯದ ಎಷ್ಟು ವರ್ಷ ಉಳಿಯುತ್ತದೆ!

ಆದರೆ ಈ ಕಾನೂನು ಬರುವುದಕ್ಕೆ ಮೂವತ್ತು ವರ್ಷ ಮೊದಲೇ ಸೇದಲು ಹಿಡಿದವನೊಬ್ಬ ನಮ್ಮ ನಡುವೆ ಇದ್ದಾನೆ. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವನು, ಕಬ್ಬಿನ ಗ್ಯಾಂಗಿನಲ್ಲಿ ದುಡಿಯುವವನು, ಸಂಕೇಶ್ವರದ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಪಾಳಿಗಾಗಿ ಕಾಯುವವನು. ಮುಖ ತೊಳೆಯುವ ಮೊದಲೇ ಅವನ ಕೈ ದಿಂಬಿನ ಕೆಳಗಿನ ಬೀಡಿ ಕಟ್ಟಿಗೆ ಹೋಗುತ್ತದೆ. ಚಟದ ಆಳ ಅಳೆಯಲು ವೈದ್ಯರು ಮೊದಲು ಕೇಳುವ ಪ್ರಶ್ನೆಯೂ ಇದೇ: ಎದ್ದ ಮೇಲೆ ಎಷ್ಟು ನಿಮಿಷಕ್ಕೆ ಮೊದಲ ಬೀಡಿ? ಐದು ನಿಮಿಷದೊಳಗೆ ಎಂದವನ ಚಟ ಬಹಳ ಆಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೊಂದು ಹೆಸರಿದೆ, ಸಂಖ್ಯೆಯಿದೆ. ನಾವು ಮಾತ್ರ ಇದನ್ನು ಕೆಟ್ಟ ಬುದ್ಧಿ ಎಂದೇ ಕರೆಯುತ್ತ ಬಂದಿದ್ದೇವೆ.

ಅವನ ಮೈಯೊಳಗೆ ನಡೆಯುವುದನ್ನು ಒಮ್ಮೆ ತಿಳಿದುಕೊಳ್ಳಿ. ದಮ್ಮು ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳು ಸೇರುತ್ತದೆ. ಸುಮಾರು ಎರಡು ತಾಸಿನಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಮೈ ಮತ್ತೆ ಬೇಡತೊಡಗುತ್ತದೆ. ಬೀಡಿಯಂತೂ ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ. ಅದಕ್ಕಾಗಿ ಸಿಗರೇಟಿಗಿಂತ ಹೆಚ್ಚು ಸಲ, ಹೆಚ್ಚು ಆಳಕ್ಕೆ ಎಳೆಯಬೇಕು. ಬಿಟ್ಟವನಿಗೆ ಸಿಟ್ಟು, ಚಡಪಡಿಕೆ, ನಿದ್ದೆಗೇಡು. ಮೊದಲ ಎರಡು ಮೂರು ದಿನ ಇದು ಮಿತಿಮೀರುತ್ತದೆ, ಪೂರ್ತಿ ತಗ್ಗಲು ವಾರಗಳೇ ಬೇಕು. "ಬಿಟ್ಟ ಮೂರನೇ ದಿನಾ ಕೆಲಸದಾಗ ಲಕ್ಷ್ಯನ ಇರಂಗಿಲ್ಲ ತಮ್ಮಾ, ಹೆಂಡ್ರ ಮಕ್ಕಳ ಮ್ಯಾಲೆ ಹರಿಹಾಯತೀನಿ" ಎನ್ನುವ ಕಾಕಾಗಳು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಅವರು ಹೇಳುವುದು ನೆವವಲ್ಲ. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಮಂದಿಯಲ್ಲಿ ಆರು ತಿಂಗಳು, ವರ್ಷ ದಾಟಿ ನಿಲ್ಲುವವರು ಮೂರರಿಂದ ಐದು ಮಂದಿ. ಉಳಿದವರಿಗೆ ನಾವು ಕೊಡುವುದು ಬೈಗುಳ.

ಈಗ ಅದರ ಮೇಲೆ 1000 ರೂಪಾಯಿ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಒಂದು ದಂಡಕ್ಕೆ ಹೆಚ್ಚುಕಡಿಮೆ ಮೂರು ದಿನದ ದುಡಿಮೆ ಹೋಯಿತು. ಹಾಗೆಂದು ಅವನ ಚಟ ಹೋಗುವುದಿಲ್ಲ. ನಿಲ್ದಾಣದ ಹಿಂದಿನ ಗೋಡೆಯ ಮರೆಗೆ ಹೋಗುತ್ತಾನೆ. ಬಿಡಿಯಾಗಿ ಸಿಗದಿದ್ದರೆ ಪೂರ್ತಿ ಪ್ಯಾಕೇ ಕೊಳ್ಳುತ್ತಾನೆ, ಕಿಸೆಯಲ್ಲಿದ್ದದ್ದು ಸಂಜೆಯೊಳಗೆ ಮುಗಿಯುತ್ತದೆ. ಮಗಳ ಫೀಸಿನ ರೊಕ್ಕದಲ್ಲಿ ಅಷ್ಟು ಕಡಿಮೆ ಬೀಳುತ್ತದೆ. ಈ ಕಾನೂನು ಹೊಸಬರನ್ನು ತಡೆಯಲು ಕಟ್ಟಿದ ಬೇಲಿ, ಗಟ್ಟಿಯಾಗಿಯೇ ಇರಲಿ. ಆದರೆ ಬೇಲಿಯ ಒಳಗೆ ಸಿಕ್ಕಿಬಿದ್ದವನಿಗೆ ಹೊರಬರುವ ದಾರಿಯನ್ನು ಯಾರು ತೋರಿಸುತ್ತಾರೆ?

ಸರ್ಕಾರದ ಮನಸ್ಸಾದರೂ ಒಂದೇ ಕಡೆ ಇದೆಯೇ? 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಉಳಿದ ತಂಬಾಕಿಗೆ ಶೇ 40 ಎಂದು ಹೇಳಿ, ಬೀಡಿಯ ತೆರಿಗೆಯನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬಡವನ ಶ್ವಾಸಕೋಶಕ್ಕೆ ಇಷ್ಟೇ ಬೆಲೆಯೇ? ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡಿನ ಮಾತು ನನಗೆ ಗೊತ್ತು. ತಂಬಾಕಿನ ಊರಾದ ನಿಪ್ಪಾಣಿ ಹುಕ್ಕೇರಿಯಿಂದ ದೂರವಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತ ರೈತರು ಪೊಲೀಸರ ಗುಂಡಿಗೆ ಬಲಿಯಾದದ್ದು ಅಲ್ಲಿಯೇ. ಬೆಳೆದವನಿಗೂ, ಕಟ್ಟಿದವಳಿಗೂ, ಸೇದಿದವನಿಗೂ ಈ ಎಲೆ ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚು.

ಹೊರಬರುವ ದಾರಿ ಕಾಗದದ ಮೇಲೆ ಇದೆ, ಅದಕ್ಕೇ ನನ್ನ ಸಂಕಟ ಹೆಚ್ಚು. ಭಾರತ 2004ರಲ್ಲಿ ಒಪ್ಪಿಕೊಂಡ ಜಾಗತಿಕ ತಂಬಾಕು ಒಪ್ಪಂದದ 14ನೇ ವಿಧಿ ಚಟ ಬಿಡಿಸುವ ಚಿಕಿತ್ಸೆಯನ್ನು ಸರ್ಕಾರದ ಹೊಣೆ ಮಾಡಿದೆ. 2007-08ರಲ್ಲಿ ಶುರುವಾದ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ವ್ಯಸನಮುಕ್ತಿ ಕೇಂದ್ರಕ್ಕೆ ಅವಕಾಶವಿದೆ. 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಯೂ ಸೇರಿದೆ. ಪ್ಯಾಕಿನ ಮೇಲೆ 1800-11-2356 ಎಂಬ ಉಚಿತ ಸಂಖ್ಯೆ 2018ರಿಂದ ಅಚ್ಚಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಆ ಸೇವೆಯ ಒಂದು ಕೇಂದ್ರ, ಕನ್ನಡದಲ್ಲಿ ಮಾತಾಡುತ್ತಾರೆ. ಔಷಧ ಮತ್ತು ಆಪ್ತಸಲಹೆ ಎರಡೂ ಸೇರಿದರೆ ಬಿಡುವವರ ಪ್ರಮಾಣ ದುಪ್ಪಟ್ಟಿಗೂ ಮೀರುತ್ತದೆ. ಆದರೆ ಎರಡು ಬೀಡಿ ಬಿಡಿಯಾಗಿ ಕೊಂಡವನು ಆ ಸಂಖ್ಯೆಯನ್ನು ಕಂಡೇ ಇಲ್ಲ. ಕಂಡವನೂ ಓದಲಾರದೆ ಕಟ್ಟಿನ ಕಾಗದ ಹರಿದು ಎಸೆಯುತ್ತಾನೆ. ಔಷಧದಂಗಡಿಯಲ್ಲಿ ಒಂದು ಪಟ್ಟಿ ನಿಕೋಟಿನ್ ಗಮ್‌ಗೆ ಕೊಡುವ ರೊಕ್ಕಕ್ಕೆ ಹಲವು ಕಟ್ಟು ಬೀಡಿ ಬರುತ್ತವೆ. ಮೂಡಲಗಿಯ ಕೂಲಿಯವನು ಜಿಲ್ಲಾ ಕೇಂದ್ರಕ್ಕೆಂದು ಬೆಳಗಾವಿಗೆ ಹೋಗಿ ಬಂದರೆ ಆ ದಿನದ ಪಗಾರ ಹೋದ ಹಾಗೇ.

ವೈದ್ಯರೇ, ಕೆಮ್ಮೆಂದು ಬಂದವನನ್ನು, ಟಿಬಿ ಎಂದು ಬಂದವನನ್ನು, ಸಕ್ಕರೆ ಕಾಯಿಲೆಯವನನ್ನು "ಸೇದತೀರೇನ್ರಿ, ಬಿಡಾಕ ನಾ ಸಹಾಯ ಮಾಡಲೇನು" ಎಂದು ಕೇಳಿ. ಮೂರು ನಿಮಿಷದ ಮಾತು ಸಾಕು, ಗದರಬೇಡಿ. ಮುಂದಿನ ತಿಂಗಳು ಸೋತು ಬಂದರೆ ಮತ್ತೆ ಕೇಳಿ, ಹತ್ತನೇ ಸಲವೂ ಕೇಳಿ. ಘಟಪ್ರಭಾದ ಆರೋಗ್ಯ ಧಾಮದಲ್ಲಿ ಡಾ. ಹರ್ಡೀಕರರಂಥವರು ಸೇವೆ ಮಾಡಿದ ನೆಲ ಇದು, ಇಲ್ಲಿ ಇದು ಹೆಚ್ಚಿನ ಬೇಡಿಕೆಯಲ್ಲ. ಕಾರ್ಖಾನೆ ನಡೆಸುವವರೇ, ಹಂಗಾಮಿನಲ್ಲಿ ಕಣ್ಣಿನ ಶಿಬಿರ ಮಾಡುತ್ತೀರಿ, ರಕ್ತದಾನ ಮಾಡಿಸುತ್ತೀರಿ. ಗೇಟಿನ ಹತ್ತಿರ ಒಬ್ಬ ಆಪ್ತಸಲಹೆಗಾರನನ್ನೂ ಕೂಡಿಸಿ. ಪಾನ್ ಅಂಗಡಿಯ ಅಣ್ಣಂದಿರೇ, ಬಿಡುತ್ತೇನೆಂದು ಆಣೆ ಮಾಡಿ ಹೋದವನು ನಾಲ್ಕನೇ ದಿನ ತಿರುಗಿ ಬಂದಾಗ ನಗಬೇಡಿ. ತಾಯಂದಿರೇ, ಆ ಮೊದಲ ಮೂರು ದಿನ ಮನೆಯಲ್ಲಿ ಅವನ ಸಿಟ್ಟು ನಿಮ್ಮ ಮೇಲೆ ಬೀಳುತ್ತದೆ. ಅದನ್ನು ನೀವೊಬ್ಬರೇ ಸಹಿಸಬೇಕು ಎಂದು ಹೇಳಲು ನನಗೆ ಬಾಯಿಲ್ಲ. ಆಶಾ ಕಾರ್ಯಕರ್ತೆ ಆ ದಿನಗಳಲ್ಲಿ ನಿಮ್ಮ ಮನೆಗೆ ಬರುವ ಹಾಗೆ ಆರೋಗ್ಯ ಇಲಾಖೆ ಮಾಡಬೇಕು.

ಬರುವ ಗ್ರಾಮಸಭೆಗೆ ತಪ್ಪದೆ ಹೋಗಿ. ಎದ್ದು ನಿಂತು ಕೇಳಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನಿಕೋಟಿನ್ ಗಮ್ ಪುಕ್ಕಟೆ ಸಿಗುತ್ತದೆಯೇ? ಚಟ ಬಿಡಿಸುವ ಸಲಹೆಗಾರರು ವಾರದ ಯಾವ ದಿನ ಕೂಡುತ್ತಾರೆ, ಸಂತೆಯ ದಿನವೇ ಕೂಡಬಹುದಲ್ಲ? ವಸೂಲಾದ ದಂಡದ ಹಣ ಎಷ್ಟು, ಅದರಲ್ಲಿ ಈ ಚಿಕಿತ್ಸೆಗೆ ಖರ್ಚಾದದ್ದೆಷ್ಟು? ಸಿಕ್ಕ ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಬರೆಸಿ, ಅದರ ನಕಲನ್ನು ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ಕಳಿಸಿ.