ಬೆಳೆ ಕಾಯುವ ಕೋವಿಯೂ ಮನೆಯ ಯಜಮಾನನ ಹೊಣೆಯೂ

ಭತ್ತದ ತೆನೆಯು ಹಾಲುಗಟ್ಟುವ ಕಾಲಕ್ಕೆ ಮಲೆನಾಡಿನ ಹಾಗೂ ಕೊಡಗಿನ ಗದ್ದೆಗಳಲ್ಲಿ ರಾತ್ರಿಯ ಕಾವಲು ಆರಂಭವಾಗುವುದು. ಕಾಡುಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಒಂದು ಕುಟುಂಬದ ವರ್ಷದ ಅನ್ನವನ್ನು ತುಳಿದು ಹಾಕಬಲ್ಲುದು. ಆದಕಾರಣ ಬೆಳೆಯ ರಕ್ಷಣೆಗೆಂದು ಪಡೆದ ಕೋವಿಯು ಅನೇಕ ಮನೆಗಳಲ್ಲಿ ನೇಗಿಲು ಗುದ್ದಲಿಗಳ ಹಾಗೆಯೇ ಒಂದು ಉಪಕರಣವಾಗಿ ಗೋಡೆಗೆ ಒರಗಿರುವುದು. ಆದರೆ ಇವುಗಳೊಳಗೆ ಒಂದು ಭೇದವುಂಟು. ನೇಗಿಲನ್ನು ಮರೆತಿಟ್ಟರೆ ಗೆದ್ದಲು ತಿನ್ನುವುದು. ಈಡು ತುಂಬಿದ ಕೋವಿಯನ್ನು ಮರೆತಿಟ್ಟರೆ ಅದು ಮನೆಯ ಮಗುವನ್ನೇ ತಿನ್ನುವುದು.

ಇಂತಹ ಅನಾಹುತವಾದಾಗಲೆಲ್ಲ ಊರಿನಲ್ಲಿ ಕೇಳಿಬರುವ ಮಾತು ಒಂದೇ: “ಹಣೆಯಲ್ಲಿ ಬರೆದದ್ದು, ಯಾರೇನು ಮಾಡಲಾದೀತು?” ದುಃಖದಲ್ಲಿರುವವರಿಗೆ ಈ ಮಾತು ಸಮಾಧಾನವನ್ನು ಕೊಡಬಹುದು, ಆದರೆ ಊರಿನ ಹಿರಿಯರು ಇದನ್ನು ಒಪ್ಪಿ ಸುಮ್ಮನಾಗುವುದು ಯುಕ್ತವಲ್ಲ. ಕೋವಿಯು ತಾನಾಗಿ ಈಡನ್ನು ತುಂಬಿಕೊಳ್ಳುವುದಿಲ್ಲ. ಯಾರೋ ತುಂಬಿದರು, ಯಾರೋ ತೆಗೆಯಲು ಮರೆತರು, ಇನ್ನಾರೋ ಬರಿದೆಂದು ನಂಬಿ ಕೈಗೆತ್ತಿಕೊಂಡರು. ಈ ಮೂರು ತಪ್ಪುಗಳಲ್ಲಿ ಯಾವುದೊಂದು ತಪ್ಪಿದ್ದರೂ ಜೀವವು ಉಳಿಯುತ್ತಿತ್ತು. ಆದುದರಿಂದ ಇದು ವಿಧಿಯ ಆಟವಲ್ಲ, ಅಜಾಗ್ರತೆಯ ಫಲ.

ಕೇಪಿನ ಕೋವಿಯ ವಿಷಯದಲ್ಲಿ ಈ ಅಪಾಯವು ವಿಶೇಷವಾದುದು. ಬಾಯಿಂದ ಮದ್ದನ್ನೂ ಚರೆಯನ್ನೂ ತುಂಬುವ ಈ ಕೋವಿಯನ್ನು ಹೊರಗಿನಿಂದ ನೋಡಿದರೆ ಒಳಗೆ ಈಡು ಇದೆಯೋ ಇಲ್ಲವೋ ತಿಳಿಯದು. ಇದಕ್ಕೆ ಸುಲಭವಾದ ಉಪಾಯವುಂಟು. ಕೋವಿಯು ನಿಶ್ಚಯವಾಗಿ ಬರಿದಾಗಿರುವಾಗ ಗಜಕೋಲನ್ನು ತಳಮುಟ್ಟ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಕೋಲಿನ ಮೇಲೆ ಒಂದು ಗೀರು ಹಾಕಿಡಬೇಕು. ಮುಂದೆ ಎಂದಾದರೂ ಕೋಲನ್ನು ಇಳಿಸಿದಾಗ ಗೀರು ಬಾಯಿಯಿಂದ ಮೇಲೆಯೇ ನಿಂತರೆ ಒಳಗೆ ಏನೋ ಇದೆಯೆಂದು ತಿಳಿಯತಕ್ಕದ್ದು. ಹೀಗೆ ಪರೀಕ್ಷಿಸುವ ಮೊದಲು ಕೇಪನ್ನು ತೆಗೆದಿರಬೇಕು. ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಗೆ ನೇರವಾಗಿರಬಾರದು.

ಕುದುರೆಯನ್ನು ಕೇಪಿನ ಮೇಲೆ ಇಳಿಸಿಟ್ಟರೆ ಭಯವಿಲ್ಲವೆಂದು ಅನೇಕರು ಭಾವಿಸಿರುವರು. ಇದು ದೊಡ್ಡ ಭ್ರಮೆ. ಕೋವಿಯು ಜಾರಿ ಬಿದ್ದು ಕುದುರೆಯ ಬೆನ್ನಿಗೆ ಕಲ್ಲಿನ ಪೆಟ್ಟು ತಗಲಿದರೆ ಸಾಕು, ಕೇಪು ಸಿಡಿದು ಈಡು ಹಾರುವುದು. ಅರ್ಧಕ್ಕೆ ಎಳೆದಿಟ್ಟ ಕುದುರೆಯನ್ನೂ ನಂಬಲಾಗದು. ಹಳೆಯ ಕೋವಿಗಳಲ್ಲಿ ಅದನ್ನು ತಡೆಹಿಡಿಯುವ ಹಲ್ಲು ಸವೆದಿರುವುದು. ಆದಕಾರಣ ಬೇಲಿ ದಾಟುವಾಗ, ಸಂಕ ದಾಟುವಾಗ, ಅಟ್ಟಣೆಯನ್ನು ಹತ್ತುವಾಗ ಕೇಪನ್ನು ತೆಗೆದು ಜೇಬಿನಲ್ಲಿಡುವುದೇ ಸರಿಯಾದ ಕ್ರಮ. ಮುಂಜಾನೆ ಮನೆಗೆ ಮರಳುವ ಮುನ್ನ, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿ, ಮಣ್ಣಿನ ದಿಬ್ಬವೊಂದಕ್ಕೆ ಈಡನ್ನು ಬಿಟ್ಟು ಬರಿದು ಮಾಡಿಯೇ ಹೊಸಲನ್ನು ದಾಟಬೇಕು. ಒಂದು ಈಡಿನ ಮದ್ದು ನಷ್ಟವಾಯಿತೆಂದು ಮರುಗುವವರು ಅದರ ಬೆಲೆಯನ್ನು ಒಂದು ಪ್ರಾಣದ ಬೆಲೆಯೊಡನೆ ತೂಗಿ ನೋಡಲಿ.

ತೋಟಾ ಹಾಕುವ ಕೋವಿಯನ್ನು ಬರಿದು ಮಾಡುವುದು ಇನ್ನೂ ಸುಲಭ. ಮಡಿಸಿ ತೋಟಾಗಳನ್ನು ತೆಗೆದು, ನಳಿಗೆಗಳೊಳಗೆ ಬೆಳಕು ಕಾಣುವುದನ್ನು ಕಣ್ಣಾರೆ ನೋಡಿದರಾಯಿತು. ಆದರೆ ೧೨ರ ಅಳತೆಯ ಕೋವಿಗೆ ೨೦ರ ಅಳತೆಯ ತೋಟಾ ಜಾರಿಹೋಗಿ ಮುಂದೆ ಸಿಕ್ಕಿಕೊಳ್ಳುವುದುಂಟು; ಅದರ ಹಿಂದೆ ಮತ್ತೊಂದು ತೋಟಾ ಹಾಕಿ ಹಾರಿಸಿದರೆ ನಳಿಗೆಯೇ ಒಡೆದು ಕೈಯನ್ನು ಸೀಳುವುದು. ಬಾಯಿಗೆ ಕೆಸರು ಮೆತ್ತಿದ ಕೋವಿಯಿಂದಲೂ ಇದೇ ಅಪಾಯ. ಈಡು ಹಾರದೆ ಹೋದಾಗ ಒಡನೆ ಕೋವಿಯನ್ನು ತಿರುಗಿಸಿ ನೋಡದೆ, ಒಂದು ನಿಮಿಷದವರೆಗೆ ನಿರ್ಜನವಾದ ಕಡೆಗೆ ಹಿಡಿದು ಕಾಯಬೇಕು.

ಗದ್ದೆಯಲ್ಲಿ ಎರಡು ಅಟ್ಟಣೆಗಳಿದ್ದರೆ, ಯಾರು ಎಲ್ಲಿರುವರೆಂಬುದನ್ನು ಸಂಜೆಯೇ ಗೊತ್ತುಮಾಡಿಕೊಂಡು, ಬೆಳಗಾಗುವವರೆಗೆ ಕೂಗಿ ತಿಳಿಸದೆ ಯಾರೂ ಕೆಳಗಿಳಿಯಕೂಡದು. ಪೊದೆ ಅಲುಗಿತೆಂದು ಹಾರಿಸಿದವನ ಎದುರಿಗೆ ನೀರು ಕಟ್ಟಲು ಬಂದ ನೆರೆಯವನಿರಬಹುದು. ದೊಡ್ಡ ಚರೆಯು ಐನೂರು ಗಜಗಳನ್ನೂ ಮೀರಿ ಹೋಗಬಲ್ಲುದು. ಗುರಿಯ ಹಿಂದೆ ಏನಿದೆಯೆಂಬುದು ತಿಳಿಯದೆ ಕೋವಿಯನ್ನು ಎತ್ತಲೇಬಾರದು. ಹಂದಿಯ ದಾರಿಗೆ ತಂತಿ ಕಟ್ಟಿ, ಕಾಲು ತಗಲಿದರೆ ಹಾರುವಂತೆ ಕೋವಿಯನ್ನು ಇಡುವುದಂತೂ ಘೋರವಾದ ಕೃತ್ಯ. ಸೌದೆಗೆ ಬಂದ ಹೆಂಗಸನ್ನೂ ಹಂದಿಯನ್ನೂ ತಂತಿಯು ಬೇರೆಯೆಂದು ಅರಿಯದು.

“ಹಂದಿಯು ನಾವು ಕೇಪು ಹಾಕುವವರೆಗೆ ಕಾದು ನಿಲ್ಲುವುದೇ?” ಎಂದು ಕೆಲವರು ಆಕ್ಷೇಪಿಸುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಾವಲಿನ ಉದ್ದೇಶವು ಹಂದಿಯನ್ನು ಗದ್ದೆಯಿಂದ ಓಡಿಸುವುದೇ ಹೊರತು ಕೊಲ್ಲುವುದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಧಿಕಾರಿಗಳ ಅಪ್ಪಣೆಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವುದು ಅಪರಾಧ. ಕೋವಿಯ ಪರವಾನಗಿಯೊಂದೇ ಅದಕ್ಕೆ ಅಪ್ಪಣೆಯಾಗದು. ಓಡಿಸುವುದಕ್ಕೆ ತಮಟೆ, ಬೆಂಕಿ, ಕೂಗು ಇವೆ. ಇವುಗಳಿಗೆ ಅರೆಗಳಿಗೆಯ ತಡವು ಹಾನಿಯಲ್ಲ. ಸೋಗೆಯ ಮಾಡಿನ ಕೆಳಗೆ ಮಕ್ಕಳು ಮಲಗಿರುವ ಮನೆಯಲ್ಲಿ ಹಗಲೂ ರಾತ್ರಿಯೂ ಸಿದ್ಧವಾಗಿರುವ ಕೋವಿಯಿಂದ ಆಗುವ ಹಾನಿಯೇ ಹೆಚ್ಚು.

ಜಮೀನುದಾರರು ಮತ್ತೊಂದು ಸಂಗತಿಯನ್ನು ಮನಗಾಣಬೇಕು. ಪರವಾನಗಿಯು ಅದರಲ್ಲಿ ಹೆಸರಿಸಿದವರಿಗೆ ಮಾತ್ರ ಸಲ್ಲುವುದು. ತಾವು ಮನೆಯಲ್ಲಿ ಮಲಗಿ, ಹೆಸರಿಲ್ಲದ ಆಳಿನ ಕೈಗೆ ಕೋವಿಯನ್ನು ಕೊಟ್ಟು ಕಾವಲಿಗೆ ಕಳುಹಿಸುವುದು ೧೯೫೯ರ ಶಸ್ತ್ರ ಕಾಯಿದೆಗೆ ವಿರುದ್ಧ. ಧರ್ಮಕ್ಕಂತೂ ಮೊದಲೇ ವಿರುದ್ಧ. ೨೦೧೯ರಲ್ಲಿ ಆ ಕಾಯಿದೆಗೆ ಆದ ತಿದ್ದುಪಡಿಯಂತೆ, ಅಜಾಗ್ರತೆಯಿಂದಾಗಲಿ ಸಂಭ್ರಮಕ್ಕಾಗಲಿ ಕೋವಿಯನ್ನು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತಂದವರಿಗೆ ೨ ವರ್ಷಗಳವರೆಗೆ ಸೆರೆ, ಇಲ್ಲವೆ ೧ ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಇವೆರಡೂ ವಿಧಿಸಲ್ಪಡಬಹುದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ದೊರೆತಿರುವ ವಿನಾಯಿತಿಯು ೨೦೨೯ನೆಯ ಅಕ್ಟೋಬರ್ ೩೧ರವರೆಗೆ ಊರ್ಜಿತವಾಗಿದೆ. ಅದು ಪರವಾನಗಿಯಿಂದ ವಿನಾಯಿತಿಯೇ ಹೊರತು ಎಚ್ಚರಿಕೆಯಿಂದ ವಿನಾಯಿತಿಯಲ್ಲ. ಕೈಲ್‌ಪೊಳ್ದಿನ ದಿನ ಕೋವಿಯನ್ನು ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುವ ಸಂಪ್ರದಾಯವು ಆಯುಧದಲ್ಲಿ ಭಯಭಕ್ತಿಗಳಿರಬೇಕೆಂಬುದನ್ನೇ ತೋರಿಸುವುದು. ಒಂದು ದಿನದ ಆ ಭಯಭಕ್ತಿಯು ವರ್ಷವೆಲ್ಲ ಉಳಿಯಬೇಕು.

ಗ್ರಾಮದ ಮುಖಂಡರು ಕೊಯ್ಲಿಗೆ ಮುಂಚೆ ಕೋವಿಯುಳ್ಳವರನ್ನು ಒಮ್ಮೆ ಕೂಡಿಸಿ, ಮೂರು ಕಟ್ಟಳೆಗಳನ್ನು ಊರ ಕಟ್ಟಳೆಯಾಗಿ ಮಾಡುವುದು ಉಚಿತ: ಈಡು ತುಂಬಿದ ಕೋವಿಯು ಹೊಸಲಿನೊಳಕ್ಕೆ ಬರಕೂಡದು, ಕೋವಿಗೊಂದು ಬೀಗ, ಮದ್ದುತೋಟಾಗಳಿಗೆ ಬೇರೊಂದು ಬೀಗ ಇರಬೇಕು, ಬರಿದೆಂದು ಯಾರು ಹೇಳಿದರೂ ಕೈಗೆ ತೆಗೆದುಕೊಂಡವನು ತಾನೇ ಪರೀಕ್ಷಿಸಬೇಕು, ಹಾಗೆ ಪರೀಕ್ಷಿಸಿದ ಮೇಲೂ ಯಾರ ಕಡೆಗೂ ಗುರಿ ಹಿಡಿಯಕೂಡದು. ಇವಕ್ಕೆ ಕಾಸಿನ ಖರ್ಚಿಲ್ಲ. ತುಳಿದುಹೋದ ಪೈರನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು. ಹೋದ ಜೀವವನ್ನು ಯಾವ ಮಳೆಗಾಲವೂ ಮರಳಿ ತಾರದು.