ತೊಗರಿಗೆ ಕೆಲಸ ಕೊಡಿ, ಕಾಡಿಗೆ ಬೇಡ

ತ್ಯಾಗಲಿ ಕಡೆಯ ಅಡಿಕೆ ತೋಟಕ್ಕೆ ಹಾಕುವ ರಾಕ್ ಫಾಸ್ಫೇಟ್ ಎಲ್ಲಿಂದ ಬರುತ್ತದೆ? 'ಸೊಸೈಟಿಯಿಂದ' ಅನ್ನುವುದು ನಮ್ಮ ಉತ್ತರ. ಅದರಾಚೆ ನಾವು ಯೋಚಿಸುವುದು ಕಡಿಮೆ. ದೇಶಕ್ಕೆ ಬೇಕಾದ ರಂಜಕದ ಕಲ್ಲಿನ ಬಹುಪಾಲು ಜೋರ್ಡಾನ್, ಮೊರಾಕ್ಕೊ, ಈಜಿಪ್ಟ್‌ನಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ನಮ್ಮಲ್ಲಿರುವ ದೊಡ್ಡ ಗಣಿ ಉದಯಪುರದ ಹತ್ತಿರದ ಝಾಮರ್‌ಕೋಟ್ರಾ, 1968ರಲ್ಲಿ ಪತ್ತೆಯಾದದ್ದು. ಅಲ್ಲಿ ಕಡಿಮೆ ದರ್ಜೆಯ ಅದಿರೇ ಹೆಚ್ಚು.

ಅಂಥ ಅದಿರನ್ನು ಅಲ್ಲಿ 'ತೇಲಿಸಿ' ಸುಧಾರಿಸುತ್ತಾರೆ. ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಗಾಳಿ ಊದುತ್ತಾರೆ. ಬೇಕಾದ ಕಣಕ್ಕೆ ಜಿಡ್ಡು ಹತ್ತಿದರೆ ಅದು ಗುಳ್ಳೆಗೆ ಅಂಟಿ ಮೇಲೇಳುತ್ತದೆ, ಉಳಿದದ್ದು ತಳದಲ್ಲಿರುತ್ತದೆ. ಕೆಲವೊಮ್ಮೆ ಬೇಡದ್ದನ್ನೇ ತೇಲಿಸಿ ತೆಗೆಯುವುದೂ ಉಂಟು.

ಈ ಜಿಡ್ಡು ಸಸ್ಯದ ಎಣ್ಣೆಯಿಂದಲೂ ಬರಬಹುದು. ಒಲೀಕ್ ಆಮ್ಲ ಇದಕ್ಕೆ ಹಳೆಯ ವಸ್ತು. ನಮ್ಮ ಹೊಂಗೆ ಎಣ್ಣೆಯಲ್ಲಿ ಅದೇ ಹೆಚ್ಚು. ಸುಣ್ಣಕಲ್ಲಿನ ಕಣ ತೇಲದಂತೆ ಅದುಮಿಡಲು ದಕ್ಷಿಣ ಅಮೆರಿಕದ ಕ್ವೆಬ್ರಾಚೊ ಮರದ ಟ್ಯಾನಿನ್ ಬಳಸುತ್ತಾರೆ. ಟ್ಯಾನಿನ್ ಅಂದರೆ ಬೇರೇನಲ್ಲ, ಕೆಂಪಡಿಕೆ ಬೇಯಿಸಿದಾಗ ಉಳಿಯುವ ನಮ್ಮ ತೊಗರಿನ ಒಗರು.

ಹಾಗಾಗಿ ನನ್ನ ಮಾತು ಇಷ್ಟೇ: ತೊಗರನ್ನು ಒಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ನೋಡಬೇಕು. ಅದು ಹೇಗೂ ನಮ್ಮ ಅಂಗಳದಲ್ಲೇ ಉಳಿಯುವ ವಸ್ತು. ಆದರೆ ಕಾಡಿನ ಬೀಜ, ತೊಗಟೆಯ ಮೇಲೆ ಕಣ್ಣು ಹಾಕುವುದು ಬೇಡ. ಉಪ್ಪಾಗೆಗೆ ಬೆಲೆ ಬಂದಾಗ ಹಣ್ಣಿಗಾಗಿ ಟೊಂಗೆಯನ್ನೇ ಕಡಿದದ್ದು ಈ ಮೂರೂ ತಾಲ್ಲೂಕಿನವರಿಗೆ ಗೊತ್ತು. ಕಾರ್ಖಾನೆಯ ಹಸಿವು ಟನ್ ಲೆಕ್ಕದ್ದು. ಸೊಪ್ಪಿನ ಬೆಟ್ಟ ಅದಕ್ಕೆ ಸಾಲದು.

'ಸಸ್ಯಮೂಲ' ಎಂಬ ಹೆಸರಿಗೆ ಮರುಳಾಗುವುದೂ ಬೇಡ. ಜಿಡ್ಡು ಯಾವುದಾದರೂ ಅರೆದ ಕಲ್ಲಿನ ಕೆಸರು ಉಳಿದೇ ಉಳಿಯುತ್ತದೆ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಲಕ್ಯಾ ಅಣೆಕಟ್ಟೆಯ ಹೂಳು ಇನ್ನೂ ಅಲ್ಲೇ ಇದೆ.

ಇನ್ನೊಂದು ಮಾತು. ನಮ್ಮದು ಹುಳಿ ಮಣ್ಣು. ನುಣ್ಣಗೆ ಅರೆದ ರಾಕ್ ಫಾಸ್ಫೇಟನ್ನು ಈ ಮಣ್ಣು ತಾನೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಸೂಪರ್ ಫಾಸ್ಫೇಟ್, ಡಿಎಪಿ ಮಾಡಲು ಒಳ್ಳೆಯ ಅದಿರು ಬೇಕು, ಸರಿ. ಅಡಿಕೆ ಬುಡಕ್ಕೆ ಮೊದಲು ಬೇಕಾದದ್ದು ಮಣ್ಣು ಪರೀಕ್ಷೆ. ರಂಜಕ ಸಾಕಷ್ಟಿರುವ ತೋಟಕ್ಕೆ ಮತ್ತೆ ಸುರಿಯದಿರುವುದೇ ಎಲ್ಲಕ್ಕಿಂತ ಅಗ್ಗದ ಸುಧಾರಣೆ.