ಹೊಗೆಗೆ ಎಷ್ಟು ವಾಯಿದೆ?

ಅಂಗಡಿ ನಡೆಸುವವನಿಗೆ ವಾಯಿದೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಾರೀಕಿನ ದಿನ ಹಣ ಬಾರದಿದ್ದರೆ ಒಂದು ಸಲ ಮುಂದಕ್ಕೆ ಹಾಕುತ್ತಾನೆ, ಎರಡನೆಯ ಸಲ ಬಡ್ಡಿ ಕೇಳುತ್ತಾನೆ, ಮೂರನೆಯ ಸಲ ಆ ಗಿರಾಕಿಗೆ ಉದ್ರಿ ನಿಲ್ಲಿಸುತ್ತಾನೆ. ಇದು ಪೇಟೆಯ ನ್ಯಾಯ. ಆದರೆ ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯ ಸಾಲಗಾರರಿದ್ದಾರೆ. ಅವರು ವಾಯಿದೆ ಕೇಳುವುದು ಹಣಕ್ಕಲ್ಲ, ತಮ್ಮ ಚಿಮಣಿಯ ಹೊಗೆಗೆ. ಅವರಿಗೆ ಉದ್ರಿ ನಿಂತದ್ದನ್ನು ನಾವು ಕಂಡಿದ್ದು ಅಪರೂಪ.

ಬೆಂಗಳೂರಿನ ಪೀಣ್ಯವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ಊರುಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಮನೆಮನೆಯಿಂದ ಹುಡುಗರು ಬಸ್ಸು ಹತ್ತಿ ಹೋದದ್ದು ಅಲ್ಲಿಗೇ. 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿಯಲ್ಲಿ ಸರ್ಕಾರವೇ ಕಟ್ಟಿದ ಆ ಕೈಗಾರಿಕಾ ಪ್ರದೇಶದಲ್ಲಿ ಇಂದು ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಎರಕದ ಕುಲುಮೆ, ಪ್ಲೇಟಿಂಗ್ ತೊಟ್ಟಿ, ಪೌಡರ್ ಕೋಟಿಂಗ್, ಸಿದ್ಧ ಉಡುಪಿನ ಬಾಯ್ಲರ್, ಎಲ್ಲವೂ ಒಂದೇ ಬೀದಿಯಲ್ಲಿ. ಗೋಡೆಯ ಆಚೆಗೆ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ದಾಸರಹಳ್ಳಿ. ದುಡಿಯುವ ಜಾಗಕ್ಕೂ ಮಲಗುವ ಜಾಗಕ್ಕೂ ನಡುವೆ ಒಂದು ಮೋರಿ ಮಾತ್ರ. ಹಗಲು ಕಾರ್ಖಾನೆಯಲ್ಲಿ ಕುಡಿದ ಹೊಗೆಯನ್ನೇ ಕಾರ್ಮಿಕನು ರಾತ್ರಿ ಹೆಂಡತಿ ಮಕ್ಕಳೊಡನೆ ಹಂಚಿಕೊಳ್ಳುತ್ತಾನೆ.

ಇದು ನಮ್ಮ ಕಲ್ಪನೆಯಲ್ಲ, ಸರ್ಕಾರದ್ದೇ ಲೆಕ್ಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗಾಳಿ, ನೀರು, ನೆಲ ಮೂರನ್ನೂ ಸೇರಿಸಿ ಕೈಗಾರಿಕಾ ಪ್ರದೇಶಗಳಿಗೆ ಅಂಕ ಹಾಕುತ್ತದೆ. ಈ ಪರೀಕ್ಷೆಯಲ್ಲಿ ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. 70 ದಾಟಿದರೆ ಅತ್ಯಂತ ಕೆಟ್ಟ ವರ್ಗ. 2009ರ ಎಣಿಕೆಯಲ್ಲಿ ಪೀಣ್ಯವು ಆ ಗೆರೆಯ ಕೆಳಗಿತ್ತು. 2018ರ ಎಣಿಕೆಯಲ್ಲಿ ಗೆರೆ ದಾಟಿತು. ಒಂಬತ್ತು ವರ್ಷ ಕಾಯಿದೆ ಇತ್ತು, ಮಂಡಳಿ ಇತ್ತು, ತಪಾಸಣೆಗಾರರಿದ್ದರು. ರೋಗ ಇಳಿಯಲಿಲ್ಲ, ಏರಿತು. 2019ರ ಜುಲೈ 10ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇಂಥ ಪ್ರದೇಶಗಳಲ್ಲಿ ಮಾಲಿನ್ಯ ಮಾಡುವ ಘಟಕಗಳನ್ನು ಮೂರು ತಿಂಗಳೊಳಗೆ ಮುಚ್ಚಿಸಬೇಕೆಂದು ಆಜ್ಞೆ ಮಾಡಿತು. ಮೂರು ತಿಂಗಳಲ್ಲ, ವರ್ಷಗಳೇ ಕಳೆದಿವೆ. ಪೀಣ್ಯದ ಬೀದಿಯಲ್ಲಿ ನಡೆದು ಬಂದವರಿಗೆ ಉತ್ತರ ಮೂಗಿಗೇ ಸಿಗುತ್ತದೆ.

ನಿಯಮ ಬಿಗಿಯಾದಾಗಲೆಲ್ಲ ಉದ್ಯಮಿಗಳ ಕಡೆಯಿಂದ ಬರುವ ಮಾತು ಒಂದೇ: "ನಿಯಮ ಬೇಡವೆನ್ನುವುದಿಲ್ಲ, ತಾತ್ಕಾಲಿಕವಾಗಿ ಸಡಿಲಿಸಿ." ಈ ಮಾತನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಬಾಡಿಗೆ ಷೆಡ್ಡಿನಲ್ಲಿ ಹತ್ತು ಜನರನ್ನಿಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಮಾಲೀಕನು ಟಾಟಾ ಬಿರ್ಲಾ ಅಲ್ಲ. ಮಾಲು ಕೊಟ್ಟ ಹಣ ಆತನಿಗೆ ತಿಂಗಳುಗಟ್ಟಲೆ ಬರುವುದಿಲ್ಲ. ಕರೆಂಟು ಹೋದರೆ ಡೀಸೆಲ್ ಜನರೇಟರ್ ಹಚ್ಚದೆ ಗತಿಯಿಲ್ಲ. ದೂಳು ಹಿಡಿಯುವ ಬ್ಯಾಗ್ ಫಿಲ್ಟರ್, ಆಮ್ಲದ ಹಬೆ ತೊಳೆಯುವ ಸ್ಕ್ರಬ್ಬರ್ ಹಾಕಿಸಲು ಆತನ ಕೈಯಲ್ಲಿ ಬಂಡವಾಳವಿಲ್ಲ. ಸಣ್ಣ ಯಂತ್ರದ ಪರವಾಗಿ ಲೋಹಿಯಾ ಅವರು ವಾದಿಸಿದ ಪಕ್ಷದವರು ನಾವು. ಸಣ್ಣ ಕಾರ್ಖಾನೆ ಸಾಯಲಿ ಎಂದು ನಾವು ಬಯಸುವವರಲ್ಲ.

ಆದರೆ ತಾತ್ಕಾಲಿಕ ಎಂಬ ಮಾತಿಗೆ ಈ ದೇಶದಲ್ಲಿ ಯಾವ ಅರ್ಥ ಬಂದಿದೆಯೆಂಬುದನ್ನು ನೋಡಬೇಕು. ಅದನ್ನು ಕಲಿಸಿದವರು ಪೀಣ್ಯದ ಸಣ್ಣವರಲ್ಲ, ಕಲ್ಲಿದ್ದಲು ಸುಟ್ಟು ವಿದ್ಯುತ್ತು ಮಾಡುವ ದೊಡ್ಡವರು. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯವು ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳ ಹೊಗೆಗೆ ಮಿತಿ ಹಾಕಿತು. ಗಂಧಕದ ಹೊಗೆಗೆ ಅಂದು ಮೊದಲ ಬಾರಿಗೆ ದೇಶಾದ್ಯಂತ ಕಟ್ಟು ಬಿದ್ದಿತು. ನಮ್ಮ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ ಕೇಂದ್ರಗಳೂ ಈ ನಿಯಮದೊಳಗೆ ಬಂದವು. ಹಳೆಯ ಕೇಂದ್ರಗಳಿಗೆ ಎರಡು ವರ್ಷ ವಾಯಿದೆ. ಆ ಎರಡು ವರ್ಷ ಮುಗಿಯುವ ಹೊತ್ತಿಗೆ ವಾಯಿದೆ 2022ಕ್ಕೆ ಹೋಯಿತು. 2021ರಲ್ಲಿ ಕೇಂದ್ರಗಳನ್ನು ಮೂರು ವರ್ಗ ಮಾಡಿ 2022, 2023, 2024 ಎಂದರು. 2022ರ ಸೆಪ್ಟೆಂಬರಿನಲ್ಲಿ 2024, 2025, 2026 ಎಂದರು. 2024ರ ಡಿಸೆಂಬರಿನಲ್ಲಿ 2027, 2028, 2029 ಎಂದರು. ಕಟ್ಟಕಡೆಗೆ 2025ರ ಜುಲೈ 11ರಂದು ಮೂರನೆಯ ವರ್ಗದವರಿಗೆ, ಅಂದರೆ ದೇಶದ ಇಂಥ ಘಟಕಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವಕ್ಕೆ, ಚಿಮಣಿ ಸಾಕಷ್ಟು ಎತ್ತರವಿದ್ದರಾಯಿತು, ಗಂಧಕದ ಮಿತಿ ಬೇಡವೆಂದು ಬಿಟ್ಟುಕೊಟ್ಟರು. ಎರಡು ವರ್ಷದ ವಾಯಿದೆ ಹತ್ತು ವರ್ಷವಾಗಿ ಬೆಳೆದು, ಕೊನೆಗೆ ಸಾಲವೇ ಮನ್ನಾ ಆಯಿತು!

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಊರಿನ ಗಾಳಿಯಲ್ಲಿ ಆ ಅನಿಲ ಮಿತಿಯೊಳಗೇ ಇದೆ, ಯಂತ್ರ ಹಾಕಿದರೆ ವಿದ್ಯುತ್ತಿನ ದರ ಏರುತ್ತದೆ ಎಂಬುದು ಸರ್ಕಾರದ ಸಮಾಧಾನ. ಆದರೆ ಚಿಮಣಿ ಬಿಟ್ಟ ಗಂಧಕದ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ಬಲುದೂರ ಹೋಗಿ ನುಣ್ಣನೆಯ ಕಣವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಎತ್ತರದ ಚಿಮಣಿಯು ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಪಕ್ಕದ ತಾಲ್ಲೂಕಿಗೆ ದಾಟಿಸುತ್ತದೆ.

ಈ ಚಾಳಿ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ 2025ರ ಮಾರ್ಚಿನಲ್ಲಿ ಅಲ್ಲಿನ ಪರಿಸರ ಇಲಾಖೆಯು, ವಿಷಾನಿಲದ ನಿಯಮಗಳಿಂದ ಬಿಡುಗಡೆ ಬೇಕಾದ ಕಂಪನಿಗಳು ಮಿಂಚಂಚೆ ಬರೆದು ಕೇಳಬಹುದೆಂದು ಸಾರಿತು. ಏಪ್ರಿಲಿನಲ್ಲಿ ಅಧ್ಯಕ್ಷ ಟ್ರಂಪ್ ಕಲ್ಲಿದ್ದಲು ಕೇಂದ್ರಗಳಿಗೆ ಎರಡು ವರ್ಷದ ವಿನಾಯಿತಿ ಕೊಟ್ಟರು. ಜುಲೈಯಲ್ಲಿ ರಾಸಾಯನಿಕ ಕಾರ್ಖಾನೆಗಳಿಗೂ ಕೊಟ್ಟರು. ಬಂಡವಾಳಕ್ಕೆ ದೇಶದ ಗಡಿಯಿಲ್ಲ, ಅದರ ಹೊಗೆಗೂ ಇಲ್ಲ.

ಇನ್ನು ದಂಡದ ಮಾತು. 1981ರ ವಾಯು ಮಾಲಿನ್ಯ ಕಾಯಿದೆಯಲ್ಲಿ ಹೊಗೆಯ ಮಿತಿ ಮೀರಿದವನಿಗೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಸೆರೆವಾಸವಿತ್ತು. 2023ರಲ್ಲಿ ಜನ ವಿಶ್ವಾಸ ಎಂಬ ಹೆಸರಿನ ಕಾಯಿದೆ ತಂದು ಆ ಸೆರೆವಾಸವನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿದರು. ವಿಶ್ವಾಸ ಯಾವ ಜನದ ಮೇಲೆ ಎಂದು ವಾಚಕರೇ ತೀರ್ಮಾನಿಸಲಿ. ಸಣ್ಣವನಿಗೆ 15 ಲಕ್ಷ ಎಂದರೆ ಕಾರ್ಖಾನೆಯೇ ಹೋಯಿತು; ದೊಡ್ಡವನಿಗೆ ಅದು ಖರ್ಚಿನ ಪುಸ್ತಕದಲ್ಲಿ ಒಂದು ಸಾಲು.

ಹಾಗಾದರೆ ವಾಯಿದೆಯ ಬಡ್ಡಿ ಕಟ್ಟುವವರು ಯಾರು? ಎರಕದ ಮನೆಯಲ್ಲಿ ಮರಳಿನ ದೂಳು ಕುಡಿದು ಸಿಲಿಕೋಸಿಸ್ ಹಿಡಿದವನ ಎದೆಯು ನಿಯಮ ಜಾರಿಗೆ ಬರಲೆಂದು ಕಾಯುವುದಿಲ್ಲ. ಆ ರೋಗ ಒಮ್ಮೆ ಬಂದರೆ ಗುಣವಾಗುವುದೂ ಇಲ್ಲ. ಕ್ರೋಮಿಯಂ ತೊಟ್ಟಿಯ ಹಬೆ ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆ. ಹತ್ತಿಯ ದೂಳಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಗಿರಣಿ ಕಾರ್ಮಿಕರಿಗೆ ಸೋಮವಾರ ಬೆಳಿಗ್ಗೆ ಎದೆ ಬಿಗಿಯುವುದೆಂದರೇನೆಂದು ಗೊತ್ತು. ರಸ್ತೆ ಬದಿಯ ಚಹಾದಂಗಡಿಯವನಿಗೂ ತರಕಾರಿ ಗಾಡಿಯವಳಿಗೂ ಈ ಬಡ್ಡಿಯಲ್ಲಿ ಪಾಲಿದೆ, ಅವರಿಗೆ ಇ.ಎಸ್.ಐ. ಚೀಟಿಯೂ ಇಲ್ಲ. ಸಾಲ ಒಬ್ಬನದು, ಬಡ್ಡಿ ಇನ್ನೊಬ್ಬನದು.

ಇಲ್ಲಿ ಮಾಲೀಕರು ಕಾರ್ಮಿಕನನ್ನೇ ಮುಂದೆ ನಿಲ್ಲಿಸುತ್ತಾರೆ: "ನಿಯಮ ಬಿಗಿ ಮಾಡಿದರೆ ಕಾರ್ಖಾನೆ ಮುಚ್ಚುತ್ತೇವೆ, ಇವನ ಅನ್ನ ಹೋಗುತ್ತದೆ." ಈ ಭಯ ಸುಳ್ಳಲ್ಲ. 1996ರ ಜುಲೈಯಲ್ಲಿ ಸುಪ್ರೀಂ ಕೋರ್ಟು ದೆಹಲಿಯ 168 ಅಪಾಯಕಾರಿ ಕಾರ್ಖಾನೆಗಳು ಅದೇ ನವೆಂಬರ್ 30ರೊಳಗೆ ನಗರದಲ್ಲಿ ಕೆಲಸ ನಿಲ್ಲಿಸಬೇಕೆಂದಿತು. ಅವುಗಳಲ್ಲಿ ಬಟ್ಟೆ ಗಿರಣಿಗಳೂ ಇದ್ದವು. ನ್ಯಾಯಾಲಯ ಪರಿಹಾರ ಹೇಳಿದ್ದು ನಿಜ. ಮಾಲೀಕರಿಗೆ ನಗರದ ನಡುವಿನ ಬೆಲೆಬಾಳುವ ಭೂಮಿ ಉಳಿಯಿತು, ಬಹುಮಂದಿ ಕಾರ್ಮಿಕರಿಗೆ ಕೆಲಸ ಉಳಿಯಲಿಲ್ಲ. ಗಾಳಿಯ ಹೆಸರಿನಲ್ಲಿ ಬಡವನ ಹೊಟ್ಟೆಗೆ ಹೊಡೆಯುವ ಪರಿಸರ ನೀತಿಯನ್ನೂ ನಾವು ಒಪ್ಪುವುದಿಲ್ಲ. ಅನ್ನವೋ ಉಸಿರೋ ಒಂದನ್ನು ಆರಿಸಿಕೊ ಎಂದು ಮನುಷ್ಯನನ್ನು ಕೇಳುವ ವ್ಯವಸ್ಥೆಯೇ ತಪ್ಪು.

ಆದುದರಿಂದ ನಾವು ಕೇಳುವುದಿಷ್ಟು. ನಿಜವಾಗಿ ತೊಂದರೆಯಿರುವ ಕಾರ್ಖಾನೆಗೆ ವಾಯಿದೆ ಕೊಡಲಿ, ಆದರೆ ಪೇಟೆಯ ನ್ಯಾಯದಂತೆ ಕೊಡಲಿ. ವಾಯಿದೆ ಒಂದೇ ಸಲ, ತಾರೀಕು ಒಂದೇ. ಅರ್ಜಿಯನ್ನೂ ಆಜ್ಞೆಯನ್ನೂ ಕನ್ನಡದಲ್ಲಿ ಬರೆದು ಕಾರ್ಖಾನೆಯ ಬಾಗಿಲಿಗೆ ಅಂಟಿಸಲಿ. ಆಕ್ಷೇಪ ಹೇಳಲು ಕಾರ್ಮಿಕರಿಗೂ ಸುತ್ತಲ ನಿವಾಸಿಗಳಿಗೂ ಹಕ್ಕಿರಲಿ. ಯಂತ್ರದ ಬೆಲೆಗೆ ತಕ್ಕ ಠೇವಣಿಯನ್ನು ಮೊದಲೇ ಇಡಿಸಿಕೊಂಡು, ಯಂತ್ರ ಹಾಕಿದ ದಿನ ಹಿಂದಿರುಗಿಸಲಿ, ಹಾಕದಿದ್ದರೆ ಮುಟ್ಟುಗೋಲು ಮಾಡಲಿ. ವಾಯಿದೆಯ ಕಾಲದಲ್ಲಿ ಒಳಗೆ ದುಡಿಯುವವರ ಎದೆಯ ಪರೀಕ್ಷೆ ಮಾಲೀಕನ ಖರ್ಚಿನಲ್ಲಿ ನಡೆಯಲಿ. ಸಣ್ಣ ಕಾರ್ಖಾನೆಗಳಿಗೆ ರಾಜ್ಯ ಹಣಕಾಸು ಸಂಸ್ಥೆಯು ಕಡಿಮೆ ಬಡ್ಡಿಯ ಸಾಲ ಕೊಡಲಿ. ಪ್ಲೇಟಿಂಗ್‌ನಂಥ ಕೆಲಸಕ್ಕೆ ಹಬೆ ಹಿಡಿಯುವ ಏರ್ಪಾಡಿರುವ ಸಾಮೂಹಿಕ ಷೆಡ್ಡುಗಳನ್ನು ಸರ್ಕಾರ ಕಟ್ಟಲಿ. ಜನರೇಟರ್ ನಿಲ್ಲಬೇಕಾದರೆ ಕರೆಂಟು ನಿಲ್ಲದಿರಲಿ. ಇಷ್ಟಾದ ಮೇಲೂ ಕೇಳದವನ ಕಾರ್ಖಾನೆಗೆ ಬೀಗ ಹಾಕಲಿ, ಬೀಗ ಬಿದ್ದಷ್ಟು ದಿನವೂ ಕಾರ್ಮಿಕನ ಕೂಲಿಯನ್ನು ಅವನಿಂದಲೇ ವಸೂಲು ಮಾಡಲಿ. ಕೊನೆಯದೊಂದು ಇಲ್ಲದಿದ್ದರೆ ಉಳಿದುದೆಲ್ಲ ಕಾಗದ. ಏಕೆಂದರೆ ಕೂಲಿ ನಿಲ್ಲುವುದಾದರೆ ಹೊಗೆಯ ಮೇಲೆ ದೂರು ಕೊಡಲು ಯಾವ ಕಾರ್ಮಿಕನೂ ಮುಂದೆ ಬರಲಾರ.

ಪೀಣ್ಯ ದೂರದ ಮಾತೆಂದು ಯಾರೂ ತಿಳಿಯಬಾರದು. 2019ರಲ್ಲಿ ಕೇಂದ್ರ ಸರ್ಕಾರವು ಶುದ್ಧ ಗಾಳಿಯ ಯೋಜನೆಗೆಂದು ಗುರುತಿಸಿದ ಕೆಟ್ಟ ಗಾಳಿಯ ನಗರಗಳಲ್ಲಿ ಬೆಂಗಳೂರಿನೊಡನೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಇದ್ದವು. ಅಲ್ಲಿ ಇಂದು ಕೊಟ್ಟ ವಿನಾಯಿತಿ ನಾಳೆ ಇಲ್ಲಿ ಪೂರ್ವನಿದರ್ಶನವಾಗುತ್ತದೆ. ಕಾರ್ಮಿಕ ಸಂಘಗಳು ಬೋನಸ್ಸಿನ ಬೇಡಿಕೆಯ ಪಟ್ಟಿಯಲ್ಲಿಯೇ ಉಸಿರಿನ ಬೇಡಿಕೆಯನ್ನೂ ಸೇರಿಸಬೇಕಾದ ಕಾಲ ಬಂದಿದೆ. ಹಣದ ಸಾಲವನ್ನು ಮಗ ತೀರಿಸಬಹುದು. ಕೆಟ್ಟ ಎದೆಯ ಸಾಲವನ್ನು ಯಾರೂ ತೀರಿಸಲಾರರು.